ಕ್ಲಚ್ ಒತ್ತಿದಾಗಲೋ, ಬಿಟ್ಟಾಗಲೋ?

ಹಳೆಯ ಮಾರುತಿ 800ರಲ್ಲಿ ಗೇರ್ ಬದಲಿಸುವಾಗ ಬರುವ ಸದ್ದೆಲ್ಲ ಗೇರ್‌ಬಾಕ್ಸ್‌ನದೇ ಆಗಿರಬೇಕೆಂದಿಲ್ಲ. ಕ್ಲಚ್ ಕೇಬಲ್ ಎಳೆದುಹೋಗಿರಬಹುದು, ಲಿವರ್‌ನ ಬುಷ್ ಸವೆದಿರಬಹುದು, ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್ ಹರಿದಿರಬಹುದು. ಅಗ್ಗದ ಬುಷ್ ಒಂದರ ತಪ್ಪಿಗೆ ಗೇರ್‌ಬಾಕ್ಸ್ ಕೆಳಗಿಳಿಸಿದ ಉದಾಹರಣೆಗಳು ಗ್ಯಾರೇಜುಗಳಲ್ಲಿ ಕಡಿಮೆಯೇನಲ್ಲ. ಅದಕ್ಕೇ ನುರಿತ ಮೆಕ್ಯಾನಿಕ್ ಸದ್ದು ಹೇಗಿದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎಂಬುದನ್ನು ಮೊದಲು ವಿಚಾರಿಸುತ್ತಾನೆ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು, 2014ರ ಆರಂಭದಲ್ಲಿ ತಯಾರಿಕೆ ನಿಂತ ಈ ಕಾರಿನಲ್ಲಿ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಅಡ್ಡಲಾಗಿ ಕೂತಿದೆ. ಅದರ ಪಕ್ಕದಲ್ಲೇ ಗೇರ್‌ಬಾಕ್ಸ್. ಓಡಿಸುವುದು ಮುಂದಿನ ಚಕ್ರಗಳನ್ನು. ಅಂಬಾಸಿಡರ್‌ನಂಥ ಹಿಂಚಕ್ರ ಚಾಲನೆಯ ಕಾರುಗಳಲ್ಲಿ ಟಾಪ್ ಗೇರ್‌ಗೆ ಬಂದಾಗ ಶಕ್ತಿ ನೇರವಾಗಿ ಹರಿಯುವುದರಿಂದ ಗೇರ್‌ಬಾಕ್ಸ್ ಹೆಚ್ಚುಕಡಿಮೆ ಮೌನವಾಗುತ್ತದೆ. ಇಲ್ಲಿ ಆ ಸೌಲಭ್ಯವಿಲ್ಲ. ಯಾವ ಗೇರ್‌ನಲ್ಲಿದ್ದರೂ ಒಂದು ಜೋಡಿ ಹಲ್ಲುಚಕ್ರ ಭಾರ ಹೊತ್ತೇ ಇರುವುದರಿಂದ ಸಣ್ಣ ಗುಂಯ್‌ಗುಟ್ಟುವಿಕೆ ಸಹಜ.

ಮೊದಲ ಪರೀಕ್ಷೆಗೆ ಕಾರು ಕದಲಬೇಕಾಗಿಲ್ಲ. ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಕೇಳಬೇಕು. ಕ್ಲಚ್ ಪೆಡಲ್ ಬಿಟ್ಟಾಗ ಗೊರಗೊರ ಇದ್ದು, ಒತ್ತಿದೊಡನೆ ನಿಂತರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗ ಆ ಶಾಫ್ಟ್ ತಿರುಗುವುದು ನಿಲ್ಲುತ್ತದೆ. ಒತ್ತಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್. ಅದನ್ನು ಬದಲಿಸಲು ಹೇಗೂ ಗೇರ್‌ಬಾಕ್ಸ್ ಇಳಿಸಬೇಕಾದ್ದರಿಂದ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್‌ಗಳನ್ನೂ ಆಗಲೇ ನೋಡಿಬಿಡುವುದು ಜಾಣತನ.

ಗೇರ್ ಹಾಕುವಾಗ ‘ಕರ್ರ್’ ಎನ್ನುವುದು ಬೇರೆಯೇ ದೂರು. ರಿವರ್ಸ್‌ಗೆ ವೇಗ ಹೊಂದಿಸಿಕೊಡುವ ಸಿಂಕ್ರೊ ಇಲ್ಲ. ಆತುರಪಟ್ಟರೆ ಹಲ್ಲು ತೀಡುವುದು ಸಹಜ. ನಿಂತ ಕಾರಿನಲ್ಲಿ ಕ್ಲಚ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡು ಕಾದು ರಿವರ್ಸ್ ಹಾಕಬೇಕು. ಆಗಲೂ ಕರ್ರೆಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದೇ ಅರ್ಥ. ಹೆಚ್ಚಿನ ಸಲ ಕೇಬಲ್ ಹೊಂದಿಸಿ ಪೆಡಲ್‌ನ ಫ್ರೀ ಪ್ಲೇ ಸರಿಪಡಿಸಿದರೆ ಸಾಕು. ರಿವರ್ಸ್ ಸಲೀಸಾಗಿ ಬಿದ್ದು, ಓಡುವಾಗ ಮೂರರಿಂದ ಎರಡಕ್ಕೆ ಇಳಿಸಿದಾಗ ಮಾತ್ರ ತೀಡಿದರೆ ಎರಡನೆಯ ಗೇರ್‌ನ ಸಿಂಕ್ರೊ ರಿಂಗ್ ಸವೆದಿದೆ. ಈ ಹಿತ್ತಾಳೆ ಉಂಗುರ ಗೇರ್‌ನ ಶಂಕುವಿಗೆ ಒತ್ತಿ ಉಜ್ಜಿ, ಎರಡೂ ಭಾಗಗಳ ವೇಗವನ್ನು ಸಮ ಮಾಡಿದ ಮೇಲಷ್ಟೇ ಹಲ್ಲುಗಳು ಕೂಡುತ್ತವೆ. ಅದರ ಗೀರುಗಳು ಸವೆದರೆ ಹಿಡಿತ ತಪ್ಪುತ್ತದೆ. ಖಾತ್ರಿಗೆ ಲಾರಿ ಚಾಲಕರ ಹಳೆಯ ಪದ್ಧತಿಯೊಂದಿದೆ: ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಸ್ವಲ್ಪ ತುಳಿದು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕುವುದು. ಆಗ ಸದ್ದಡಗಿದರೆ ತಪ್ಪು ಸಿಂಕ್ರೊದ್ದೇ. ಹೀಗೆ ಓಡಿಸುತ್ತ ರಿಪೇರಿಯನ್ನು ವರ್ಷಗಟ್ಟಲೆ ಮುಂದೂಡಿದವರೂ ಇದ್ದಾರೆ.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಇಂಥ ಗೇರ್‌ಬಾಕ್ಸ್‌ಗೆ ಜಿಎಲ್-4 ದರ್ಜೆಯದೇ ಬೇಕು. ಜಿಎಲ್-5 ಅಂಕಿಯಲ್ಲಿ ದೊಡ್ಡದೆಂದು ಸುರಿಯುವುದು ಸಲ್ಲದು; ಅಂಥ ಕೆಲವು ಎಣ್ಣೆಗಳಲ್ಲಿನ ಗಂಧಕ-ರಂಜಕದ ಸಂಯುಕ್ತಗಳು ಹಿತ್ತಾಳೆಯನ್ನು ತಿನ್ನುತ್ತವೆ.

ಕ್ಲಚ್ ಬಿಡುವಾಗ ‘ಧಡ್’ ಎಂದರೆ ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಇನ್ನೊಬ್ಬರಿಂದ ಫಸ್ಟ್, ರಿವರ್ಸ್‌ಗಳಲ್ಲಿ ಕ್ಲಚ್ ತುಸು ಬಿಡಿಸಿ ಪಕ್ಕದಿಂದ ನೋಡಬೇಕು. ಕಾರಿನ ಮುಂದೆ ಹಿಂದೆ ಯಾರೂ ನಿಲ್ಲಬಾರದು. ಎಂಜಿನ್ ತೂಗಾಡಿದರೆ ಮೌಂಟಿಂಗ್ ಹೋಗಿದೆ. ಲಿವರ್ ಅತ್ತಿತ್ತ ಜೋಲಾಡಿ ಗೇರ್ ಹುಡುಕಬೇಕಾದರೆ ಲಿಂಕೇಜ್ ಬುಷ್‌ಗಳನ್ನು ನೋಡಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಎನ್ನುವುದು ಆಕ್ಸಲ್‌ನ ಸಿವಿ ಜಾಯಿಂಟ್. ಅದಕ್ಕೂ ಗೇರ್‌ಗೂ ಸಂಬಂಧವಿಲ್ಲ.

ಒಂದೇ ಗೇರ್‌ನಲ್ಲಿ ಊಳಿಟ್ಟರೆ ಆ ಗೇರ್‌ನ ಹಲ್ಲು, ಎಲ್ಲದರಲ್ಲೂ ಊಳಿಟ್ಟರೆ ಬೇರಿಂಗ್, ಫೈನಲ್ ಡ್ರೈವ್ ಅಥವಾ ಬತ್ತಿದ ಎಣ್ಣೆ. ಆಗ ಹಳೆಯ ಎಣ್ಣೆ ಇಳಿಸಿ, ಅದರಲ್ಲಿ ಅಯಸ್ಕಾಂತ ಆಡಿಸಬೇಕು. ಅಂಟಿಕೊಂಡ ಬೂದುಬಣ್ಣದ ನುಣುಪು ಕೆಸರು ವಯಸ್ಸಿನ ಸವೆತ. ಅಯಸ್ಕಾಂತಕ್ಕೆ ಅಂಟದ ಹೊಂಬಣ್ಣದ ಮಿನುಗು ಸಿಂಕ್ರೊ ರಿಂಗಿನದು. ಉಕ್ಕಿನ ಚೂರು ಸಿಕ್ಕಿದರೆ ಕಾರನ್ನು ಓಡಿಸದೆ ಗೇರ್‌ಬಾಕ್ಸ್ ಬಿಚ್ಚಿಸಬೇಕು. ಹಲ್ಲುಗಳ ನಡುವೆ ಸಿಕ್ಕ ಒಂದೇ ಚೂರು ಅಲ್ಯೂಮಿನಿಯಂ ಕವಚವನ್ನೇ ಸೀಳಬಲ್ಲದು.