ಮರದ ಬುರುಡೆ, ಹುರಿ, ಹಬೆ

ಟೆಕ್ಸಸ್‌ನ ಫುಲ್‌ಶೀರ್‌ನಿಂದ ಪಡುವಣಕ್ಕೆ ಹೊರಟರೆ ಒಂದೂವರೆ ಗಂಟೆಯೊಳಗೆ ರೌಂಡ್ ಟಾಪ್ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿ 1968ರಿಂದ ಹಳೆ ಸಾಮಾನಿನ ಸಂತೆ ನಡೆದುಬಂದಿದೆ. ಸಂತೆಯ ದಿನಗಳಲ್ಲಿ ರಸ್ತೆಯ ಎರಡೂ ಬದಿಯ ಹೊಲಗಳ ತುಂಬ ಡೇರೆಗಳು. ಪಿಂಗಾಣಿ ತಟ್ಟೆ, ಕಿತ್ತು ತಂದ ಬಾಗಿಲುಗಳ ನಡುವೆ ಒಂದು ಮೇಜಿನ ಮೇಲೆ ನನಗೆ ಮರದ ಬುರುಡೆಯೊಂದು ಕಂಡಿತು. ಕಣ್ಣು ಮೂಗು ಇಲ್ಲದ, ಮೇಲೆ ದುಂಡಗೆ ಬಾಗಿದ ದಿಮ್ಮಿ. ತಿರುಗಿಸಿ ನೋಡಿದರೆ ತಳದ ನಡುವೆ ಹೆಬ್ಬೆರಳು ಹೋಗುವಷ್ಟು ತೂತು, ಅದರ ಪಕ್ಕದಲ್ಲಿ ಮರಕ್ಕೆ ಗುದ್ದಿ ಮೂಡಿಸಿದ 7⅛ ಎಂಬ ಅಂಕಿ. ಬುಡದ ಸುತ್ತ ಹುರಿ ಬಿಗಿದು ಬಿಗಿದು ಮರ ಕಪ್ಪಾಗಿ, ನುಣ್ಣಗೆ ಹೊಳೆಯುತ್ತಿತ್ತು. ಕೊಂಡು ತಂದೆ.

ಅದು ಟೊಪ್ಪಿ ಮಾಡುವವರ ಅಚ್ಚು. ಇಲ್ಲಿಯವರು ಬ್ಲಾಕ್ ಅನ್ನುತ್ತಾರೆ. ತಳದ ತೂತು ಅದನ್ನು ಗೂಟದ ಮೇಲೆ ನಿಲ್ಲಿಸುವುದಕ್ಕೆ. ಅಂಕಿಯ ಲೆಕ್ಕ ಶಾಲೆಯಲ್ಲಿ ಕಲಿತದ್ದೇ: ತಲೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು 3.14ರಿಂದ ಭಾಗಿಸಬೇಕು. 22 ಇಂಚಿನ ತಲೆಗೆ 7ನೇ ನಂಬರು. ಮೇಲೊಂದು ⅛ ಸೇರಿದರೆ ಸುತ್ತಳತೆ ಹೆಚ್ಚುಕಡಿಮೆ ⅜ ಇಂಚು ಹಿಗ್ಗುತ್ತದೆ.

ಈ ಅಚ್ಚಿನ ಮೇಲೆ ಕೂರುವ ಬಟ್ಟೆಯನ್ನು ಯಾರೂ ನೇಯುವುದಿಲ್ಲ. ಬಾಚದ ತಲೆಗೂದಲು ಜಡೆಗಟ್ಟುತ್ತದಲ್ಲ, ಫೆಲ್ಟ್ ಹುಟ್ಟುವುದೂ ಹಾಗೆಯೇ. ಮೊಲ, ಬೀವರ್‌ಗಳ ಒಳತುಪ್ಪಳದ ಒಂದೊಂದು ಎಳೆಯ ಮೈಮೇಲೂ ಸಣ್ಣ ಹುರುಪೆಗಳಿವೆ. ಬಿಸಿನೀರಿನಲ್ಲಿ ತೋಯಿಸಿ ಅದುಮಿ ಉರುಳಿಸಿದಂತೆಲ್ಲ ಎಳೆ ಎಳೆಯನ್ನು ಹಿಡಿದುಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಯಂತ್ರ ಬರುವ ಮುಂಚೆ ಈ ತುಪ್ಪಳವನ್ನು ಬಿಡಿಸಿ ಹರಡುತ್ತಿದ್ದುದು ಆಳೆತ್ತರ ಮೀರಿದ, ನರದ ತಂತಿ ಬಿಗಿದ ಒಂದು ಬಿಲ್ಲಿನಿಂದ. ಅದರ ಚಿತ್ರವನ್ನು ಮೊದಲ ಸಲ ನೋಡಿದಾಗ ನನ್ನ ಕಿವಿಯಲ್ಲಿ ಪಿಂಜಾರರ ಬಿಲ್ಲು ಮಿಡಿಯಿತು. ನಮ್ಮ ಹಳ್ಳಿಗಳಲ್ಲಿ ಹಾಸಿಗೆಯ ಹತ್ತಿ ಹಿಂಜಲು ಬರುತ್ತಿದ್ದವರು ಹೆಗಲ ಮೇಲೆ ಹೊತ್ತು ತರುತ್ತಿದ್ದುದೂ ಇಂಥದ್ದೇ ಬಿಲ್ಲು. ಇನ್ನೊಂದು ನಂಟೂ ಉಂಟು. ಫೆಲ್ಟನ್ನು ಗಟ್ಟಿ ನಿಲ್ಲಿಸುವ ಶೆಲ್ಲಾಕ್ ಬೇರೇನಲ್ಲ, ನಮ್ಮ ಅರಗು. ಭಾರತದ ಕಾಡುಮರಗಳ ಮೇಲೆ ಅರಗಿನ ಹುಳ ಕಟ್ಟುವ ಅಂಟು. ಚಳ್ಳಕೆರೆಯ ಕಡೆ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿಯುವುದನ್ನು ಕಂಡವರಿಗೆ ಫೆಲ್ಟಿಗೆ ಅರಗು ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬಿಸಿ ತಾಗಿದರೆ ಅರಗು ಮೆತ್ತಗಾಗುತ್ತದೆ. ಟೊಪ್ಪಿಗೆ ಆಕಾರ ಕೊಡುವಾಗ ಈ ಗುಣ ನೆರವಿಗೆ ಬರುತ್ತದೆ. ಹಬೆ ಹಿಡಿದು ಮೆದುವಾದ ಫೆಲ್ಟನ್ನು ಅಚ್ಚಿನ ಮೇಲೆ ಕೆಳಗೆಳೆದು, ಹುರಿ ಬಿಗಿದು, ಆ ಹುರಿಯನ್ನು ಮರದ ಒಂದು ಸಣ್ಣ ಕೈಸಾಧನದಿಂದ ಬುಡದವರೆಗೂ ತಳ್ಳಬೇಕು. ನನ್ನ ಮೊದಲ ಟೊಪ್ಪಿಗೆ ಹಬೆ ಸಾಕಾಗುವ ಮುನ್ನವೇ ಹುರಿ ಬಿಗಿದೆ. ಹಿಂಬದಿಯಲ್ಲಿ ನಾಲ್ಕು ನೆರಿಗೆ ಕೂತವು, ಎಷ್ಟು ಇಸ್ತ್ರಿ ಉಜ್ಜಿದರೂ ಹೋಗಲಿಲ್ಲ. ಎರಡನೆಯದರಲ್ಲಿ ಅಂಗೈಯಿಂದ ಸವರಿ ಸವರಿ, ಫೆಲ್ಟು ಒದ್ದೆ ರೊಟ್ಟಿಹಿಟ್ಟಿನಂತೆ ಬಾಗುವವರೆಗೂ ಕಾದೆ.

ಅಂಚಿಗೆ ಬೇರೆಯದೇ ಸಾಧನಗಳು. ನಡುವೆ ತೆರೆದ ಮರದ ಹಲಗೆಯ ಮೇಲೆ ಅಂಚನ್ನು ಹಾಸಿ, ಕಾದ ಮರಳಿನ ಚೀಲ ಹೇರಿದರೆ ಅದಕ್ಕೆ ಬಾಗು ಬರುತ್ತದೆ. ರೌಂಡಿಂಗ್ ಜ್ಯಾಕ್ ಎಂಬ ಅಲಗಿನ ಸಾಧನವನ್ನು ಟೊಪ್ಪಿಯ ಗೋಡೆಗೆ ಒತ್ತಿ ಸುತ್ತ ಎಳೆದರೆ ಅಂಚು ಅಳತೆಗೆ ಸರಿಯಾಗಿ ಕತ್ತರಿಸಿ ಬರುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟದ್ದು ಕನ್‌ಫರ್ಮೇಟರ್. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್‌ನಲ್ಲಿ ಹುಟ್ಟಿದ ಸಾಧನ ಇದು. ಕಪ್ಪು ಮರದ ಕಡ್ಡಿಗಳ ಸಾಲನ್ನು ಕಿರೀಟದಂತೆ ತಲೆಗಿಟ್ಟರೆ ಒಂದೊಂದು ಕಡ್ಡಿಯೂ ತಲೆಯ ಉಬ್ಬುತಗ್ಗಿಗೆ ತಕ್ಕಂತೆ ಸರಿಯುತ್ತದೆ. ಮೇಲಿನ ಮುಚ್ಚಳ ಒತ್ತಿದರೆ ಮುಳ್ಳುಗಳು ಅಂಗೈಯಗಲದ ಕಾಗದದಲ್ಲಿ ತೂತು ಕೊರೆಯುತ್ತವೆ. ತಲೆಯ ಆಕಾರ, ಚಿಕ್ಕದಾಗಿ, ಕಾಗದದ ಮೇಲೆ ಇಳಿಯುತ್ತದೆ. ಅದನ್ನು ಕತ್ತರಿಸಿ ಫಾರ್ಮಿಲಿಯನ್ ಎಂಬ ಜೊತೆಸಾಧನಕ್ಕೆ ಕೂಡಿಸಿದರೆ ಅದೇ ಆಕಾರ ಪೂರ್ತಿ ಗಾತ್ರಕ್ಕೆ ಅರಳಿ ಟೊಪ್ಪಿಯ ಒಳಗೆ ಕೂರುತ್ತದೆ. ಯಾರ ತಲೆಯೂ ಸರಿಯಾದ ಅಂಡಾಕಾರವಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ. ಅಳತೆಪಟ್ಟಿ 22 ಇಂಚು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಟೆಕ್ಸಸ್‌ನಲ್ಲಿ ಈ ಕಸುಬು ಇನ್ನೂ ಉಸಿರಾಡುತ್ತಿದೆ. 1927ರಲ್ಲಿ ಡಲ್ಲಾಸ್‌ನಲ್ಲಿ ಶುರುವಾದ ರೆಸಿಸ್ಟಾಲ್ ಹತ್ತಿರದ ಗಾರ್ಲೆಂಡ್‌ಗೆ ಹೋಯಿತು. 1865ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಸ್ಟೆಟ್ಸನ್‌ನ ಟೊಪ್ಪಿಗಳೂ ಮುಂದೆ ಅಲ್ಲಿಯೇ ತಯಾರಾದವು. ಆಸ್ಟಿನ್‌ನ ದಕ್ಷಿಣಕ್ಕೆ, ಲಾಕ್‌ಹಾರ್ಟ್‌ನಲ್ಲಿ, ಒಂದು ಮನೆತನ ನಡೆಸುವ ಟೆಕ್ಸಸ್ ಹ್ಯಾಟರ್ಸ್ ಎಂಬ ಅಂಗಡಿ ಇದೆ.

ತುಳುನಾಡಿನ ಹಾಳೆಟೊಪ್ಪಿ ಮುಟ್ಟಾಳೆ ಈ ಕಸುಬಿನ ಎದುರು ಬದಿ. ಉದುರಿದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಕತ್ತಿಯಲ್ಲಿ ಸವರಿ, ಮಡಿಸಿ ಹೊಲಿದರೆ ಮುಗಿಯಿತು. ಕತ್ತಿ, ಸೂಜಿ ಇದ್ದರೆ ಸಾಕು, ಉಳಿದದ್ದೆಲ್ಲ ಬೆರಳುಗಳಲ್ಲಿದೆ. ಹಾಗಾಗಿ ಮುಟ್ಟಾಳೆಯ ವಿದ್ಯೆಯನ್ನು ಸಂಗ್ರಹಿಸಬೇಕೆಂದರೆ ಮಾಡುವವರ ಪಕ್ಕದಲ್ಲಿ ಹೋಗಿ ಕೂರಬೇಕು. ಫೆಲ್ಟ್ ಟೊಪ್ಪಿಯ ವಿದ್ಯೆಯಾದರೆ ಅರ್ಧ ಪಾಲು ಮರದೊಳಗೆ ಇಳಿದಿದೆ. ಅದಕ್ಕೇ ಇಂಥ ಅಚ್ಚುಗಳ ಮೇಲೆ ಹೂದಾನಿ ಇಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೊಳ್ಳುವವರು ಮೊದಲು ಬಿರುಕು ನೋಡಿ. ಕೂದಲೆಳೆಯಷ್ಟಿದ್ದರೂ ಹಬೆಗೆ ಅಗಲವಾಗಿ, ಅದರ ಗೆರೆ ಫೆಲ್ಟಿನ ಮೇಲೆ ಮೂಡುತ್ತದೆ. ಹುಳದ ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ ಕೈಬಿಡಿ. ವಾರ್ನಿಷ್ ಬಳಿಯಬೇಡಿ, ಹಬೆಗೆ ಅಂಟಾಗುತ್ತದೆ. ಅಚ್ಚಿನ ಜೊತೆ ಹಳೆಯ ಫೆಲ್ಟ್ ಸಿಕ್ಕರೆ ಅದನ್ನು ಮರಳುಕಾಗದದಿಂದ ಉಜ್ಜಲೇಬೇಡಿ, ಧೂಳಿನಲ್ಲಿ ಪಾದರಸ ಇರಬಹುದು. ತುಪ್ಪಳ ಬೇಗ ಜಡೆಗಟ್ಟಲೆಂದು ಪಾದರಸದ ಲವಣ ಹಚ್ಚುವ ಪದ್ಧತಿ ಅಮೆರಿಕದಲ್ಲಿ 1941ರವರೆಗೂ ಇತ್ತು. ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಕೆಲಸಗಾರರಿಗೆ ಅದರಿಂದಲೇ ಕೈಕಾಲು ನಡುಗುವ ರೋಗ ಅಂಟಿತು. ಆ ರೋಗಕ್ಕೆ ಅವರ ಊರಿನ ಹೆಸರೇ ಬಿತ್ತು.

ಹ್ಯೂಸ್ಟನ್ ರೋಡಿಯೋ ಹತ್ತಿರವಾದಾಗ ಇಲ್ಲಿನ ಮಕ್ಕಳು ಕೌಬಾಯ್ ಟೊಪ್ಪಿ ಹಾಕಿಕೊಂಡು ಶಾಲೆಗೆ ಹೋಗುವ ದಿನವೊಂದು ಬರುತ್ತದೆ. ನನ್ನ 7⅛ ಅಚ್ಚು ಮಕ್ಕಳ ತಲೆಗೆ ದೊಡ್ಡದು. ಬರುವ ಸಂತೆಯಲ್ಲಿ 6½ರದ್ದೊಂದು ಹುಡುಕಬೇಕು.