ಇಂಗ್ಲಿಷಿನ ಲೇಖನಚಿಹ್ನೆ ಮತ್ತು ಪದಪ್ರಯೋಗ: ಕನ್ನಡ ಮನೆಮಾತಿನವರ ಕಲಿಕೆಯ ನೆಲೆಯಿಂದ

ಇಂಗ್ಲಿಷ್ ಕಲಿಯುವ ಕನ್ನಡಿಗರ ಬರವಣಿಗೆಯಲ್ಲಿ ಮತ್ತೆ ಮತ್ತೆ ಕಾಣುವ ದೋಷಗಳನ್ನು ಅಜಾಗರೂಕತೆಯ ಫಲವೆಂದು ಭಾವಿಸುವುದು ರೂಢಿ. ಆದರೆ ಅವುಗಳಲ್ಲಿ ಹಲವು ಎರಡು ಭಾಷೆಗಳ ವಾಕ್ಯರಚನೆಯ ಭೇದದಿಂದ ಹುಟ್ಟಿದವು. ಕನ್ನಡವು ಪ್ರತ್ಯಯದಿಂದ ಸೂಚಿಸುವ ಸಂಬಂಧವನ್ನು ಇಂಗ್ಲಿಷ್ ಹಲವೆಡೆ ಪದಗಳ ಕ್ರಮದಿಂದಲೂ ಲೇಖನಚಿಹ್ನೆಯಿಂದಲೂ ಸೂಚಿಸುತ್ತದೆ. ಈ ಭೇದವನ್ನು ತಿಳಿಸದೆ ನಿಯಮಗಳನ್ನು ಕಂಠಪಾಠ ಮಾಡಿಸುವುದರಿಂದ ಆಗುವ ಪ್ರಯೋಜನ ಅಲ್ಪ.

ಮೊದಲ ತೊಡಕು ಹೆಸರುಗಳಲ್ಲಿಯೇ ಇದೆ. ಕಾಮಾ, ಸೆಮಿಕೋಲನ್, ಫುಲ್‌ಸ್ಟಾಪ್‌ಗಳನ್ನು ಕನ್ನಡದಲ್ಲಿ ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ ಎಂದು ಕರೆಯಲಾಗಿದೆ. ಓದುವಾಗ ನಿಲ್ಲಬೇಕಾದ ಕಾಲಪ್ರಮಾಣವೇ ಈ ಹೆಸರುಗಳಿಗೆ ಆಧಾರ. ಯೂರೋಪಿನಲ್ಲಿಯೂ ಈ ಬಗೆಯ ಚಿಹ್ನೆಗಳು ಮೊದಲಿಗೆ ಗಟ್ಟಿಯಾಗಿ ಓದುವವರ ನೆರವಿಗೆ ಬಂದವು. ಸೆಮಿಕೋಲನ್ ೧೫ನೆಯ ಶತಮಾನದ ಕೊನೆಯಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಷಿಯಸ್‌ನ ಮುದ್ರಣಾಲಯದಿಂದ ಬಳಕೆಗೆ ಬಂದಿತು. ೧೭೯೫ರಲ್ಲಿ ಪ್ರಕಟವಾದ ಲಿಂಡ್ಲಿ ಮರ್ರೆಯ ಇಂಗ್ಲಿಷ್ ವ್ಯಾಕರಣವೂ ಕಾಮಾದ ಎರಡರಷ್ಟು ಕಾಲ ಸೆಮಿಕೋಲನ್‌ಗೆ, ಅದರ ಎರಡರಷ್ಟು ಕೋಲನ್‌ಗೆ ಎಂದು ವಿರಾಮವನ್ನು ಅಳೆಯುತ್ತದೆ. ಆಧುನಿಕ ಇಂಗ್ಲಿಷಿನಲ್ಲಿ ಈ ಚಿಹ್ನೆಗಳ ಮುಖ್ಯ ಕೆಲಸ ವಾಕ್ಯಾಂಗಗಳ ಸಂಬಂಧವನ್ನು ತೋರಿಸುವುದು. ಉಸಿರು ನಿಲ್ಲುವಲ್ಲೆಲ್ಲ ಅಲ್ಪವಿರಾಮ ಹಾಕುವವರು ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ ಅದನ್ನು ಹಾಕಿ ತಪ್ಪುವುದು ಈ ಕಾರಣದಿಂದ.

‘ಕಷ್ಟಪಟ್ಟು ಓದಿದ ವಿದ್ಯಾರ್ಥಿಗಳು ತೇರ್ಗಡೆಯಾದರು’ ಎಂಬ ವಾಕ್ಯವನ್ನು ಪರಿಶೀಲಿಸಬಹುದು. ಓದಿದವರು ಮಾತ್ರ ತೇರ್ಗಡೆಯಾದರೋ, ಎಲ್ಲರೂ ಓದಿ ಎಲ್ಲರೂ ತೇರ್ಗಡೆಯಾದರೋ ಎಂಬುದನ್ನು ‘ಓದಿದ’ ಎಂಬ ಕೃದಂತ ರೂಪವೊಂದೇ ತಿಳಿಸದು, ಸಂದರ್ಭ ತಿಳಿಸುತ್ತದೆ. ‘ದಿ ಸ್ಟೂಡೆಂಟ್ಸ್ ಹೂ ಸ್ಟಡೀಡ್ ಹಾರ್ಡ್ ಪಾಸ್ಡ್’ ಎಂದು ಅಲ್ಪವಿರಾಮವಿಲ್ಲದೆ ಬರೆದರೆ ಮೊದಲ ಅರ್ಥ. ‘ಹೂ’ ಎಂಬುದಕ್ಕೆ ಮುಂಚೆಯೂ ‘ಹಾರ್ಡ್’ ಎಂಬುದರ ಬಳಿಕವೂ ಅಲ್ಪವಿರಾಮ ಬಂದರೆ ಎರಡನೆಯ ಅರ್ಥ. ಇಲ್ಲಿ ಚಿಹ್ನೆ ಅಲಂಕಾರವಲ್ಲ, ಅರ್ಥದ ಭಾಗ.

‘ಮನೆಗೆ ಬಂದು, ಊಟ ಮಾಡಿ, ಮಲಗಿದನು’ ಎಂಬಲ್ಲಿ ಪೂರ್ಣ ಕ್ರಿಯಾಪದ ಒಂದೇ, ಉಳಿದವು ಕ್ರಿಯಾನ್ಯೂನಗಳು. ಈ ಸರಪಳಿಯ ಅಭ್ಯಾಸವುಳ್ಳವರು ಇಂಗ್ಲಿಷಿನಲ್ಲಿ ಎರಡು ಪೂರ್ಣವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಹೆಣೆದುಬಿಡುತ್ತಾರೆ. ಅಲ್ಲಿ ಸಂಯೋಜಕ ಪದವೋ, ಸೆಮಿಕೋಲನ್ನೋ, ಪೂರ್ಣವಿರಾಮವೋ ಬೇಕು. ಹಾಗೆಯೇ ‘ಎಲ್ಲಿಗೆ ಹೋಗುತ್ತೀಯೆ ಎಂದು ಕೇಳಿದನು’ ಎಂಬಲ್ಲಿ ‘ಎಂದು’ ಎಂಬ ಅವ್ಯಯ ಪ್ರಶ್ನೆಯನ್ನು ಇದ್ದಂತೆಯೇ ಹಿಡಿದಿಡುತ್ತದೆ. ಇಂಗ್ಲಿಷಿನ ಪರೋಕ್ಷ ಕಥನದಲ್ಲಿ ಪ್ರಶ್ನೆಯ ಪದಕ್ರಮವೂ ಪ್ರಶ್ನಾರ್ಥಕ ಚಿಹ್ನೆಯೂ ಬಿಟ್ಟುಹೋಗುತ್ತವೆ.

ಪದಪ್ರಯೋಗದಲ್ಲಿಯೂ ಇದೇ ಸ್ಥಿತಿ. ‘ವಿಷಯದ ಬಗ್ಗೆ ಚರ್ಚಿಸು’ ಎಂಬ ರೂಢಿಯಿಂದ ‘ಡಿಸ್ಕಸ್ ಅಬೌಟ್’ ಎಂಬ ಪ್ರಯೋಗ ಸುಲಭವಾಗಿ ಬರುತ್ತದೆ. ಆದರೆ ‘ಡಿಸ್ಕಸ್’ ನೇರವಾಗಿ ಕರ್ಮಪದವನ್ನು ಬೇಡುವ ಧಾತು. ‘ಎ’ ಮತ್ತು ‘ದಿ’ ಎಂಬ ಆರ್ಟಿಕಲ್‌ಗಳಿಗೆ ಕನ್ನಡದಲ್ಲಿ ನೇರ ಸಮಾನಪದಗಳಿಲ್ಲ. ಆದರೂ ‘ಪುಸ್ತಕ ಕೊಂಡನು’, ‘ಪುಸ್ತಕವನ್ನು ಕೊಂಡನು’ ಎಂಬವುಗಳಲ್ಲಿ ದ್ವಿತೀಯಾ ವಿಭಕ್ತಿ ಹಲವೊಮ್ಮೆ ನಿರ್ದಿಷ್ಟತೆಯನ್ನು ಸೂಚಿಸುತ್ತದೆ. ತಮ್ಮ ನುಡಿಯಲ್ಲಿರುವ ಈ ಅರಿವಿನಿಂದ ಆರಂಭಿಸಿದರೆ ಆರ್ಟಿಕಲ್‌ಗಳ ಪಾಠ ಹಗುರವಾದೀತು.

ಇಂಥ ಸೂಕ್ಷ್ಮಗಳು ಇಂಗ್ಲಿಷ್ ಮನೆಮಾತಿನವರನ್ನೂ ಕಾಡದೆ ಬಿಟ್ಟಿಲ್ಲ. ಅಮೆರಿಕದ ಮೇನ್ ರಾಜ್ಯದ ಕಾನೂನೊಂದು ಹೆಚ್ಚುವರಿ ದುಡಿಮೆಯ ವೇತನ ಸಲ್ಲದ ಕೆಲಸಗಳನ್ನು ಪಟ್ಟಿ ಮಾಡಿತ್ತು. ಪಟ್ಟಿಯ ಕೊನೆಯಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದಿದ್ದು, ‘ಆರ್’ ಎಂಬುದಕ್ಕೆ ಮುಂಚೆ ಅಲ್ಪವಿರಾಮವಿರಲಿಲ್ಲ. ವಿತರಣೆ ಪ್ರತ್ಯೇಕ ಕೆಲಸವಲ್ಲ, ಪ್ಯಾಕಿಂಗ್ ಮಾತ್ರವೇ ಕೆಲಸ ಎಂದು ಓಕ್‌ಹರ್ಸ್ಟ್ ಹೈನು ಸಂಸ್ಥೆಯ ವಾಹನ ಚಾಲಕರು ವಾದಿಸಿದರು. ಪಟ್ಟಿಯ ಇತರ ಕೆಲಸಗಳೆಲ್ಲ ‘ಇಂಗ್’ ಪ್ರತ್ಯಯಾಂತವಾಗಿದ್ದು ‘ಡಿಸ್ಟ್ರಿಬ್ಯೂಷನ್’ ಹಾಗಿಲ್ಲದಿರುವುದೂ ಅವರ ವಾದಕ್ಕೆ ಬಲವಾಯಿತು. ೨೦೧೭ರಲ್ಲಿ ಮೇಲ್ಮನವಿ ನ್ಯಾಯಾಲಯವು ಈ ವಾಕ್ಯ ಸಂದಿಗ್ಧವೆಂದು ಒಪ್ಪಿ ಚಾಲಕರ ಪರ ತೀರ್ಪಿತ್ತಿತು. ೨೦೧೮ರಲ್ಲಿ ಪ್ರಕರಣ ೫೦ ಲಕ್ಷ ಡಾಲರುಗಳಿಗೆ ರಾಜಿಯಾಯಿತು. ದುಡಿದವರ ಕೂಲಿ ಒಂದು ಅಲ್ಪವಿರಾಮವನ್ನೂ ಒಂದು ಪ್ರತ್ಯಯವನ್ನೂ ಅವಲಂಬಿಸಿತ್ತು.

ಆದುದರಿಂದ ಲೇಖನಚಿಹ್ನೆಯನ್ನು ಬರವಣಿಗೆಯ ಅಂದಕ್ಕೆ ಸೇರಿದ ವಿಷಯವೆಂದು ಪಾಠದ ಕೊನೆಗೆ ತಳ್ಳದೆ, ವಾಕ್ಯರಚನೆಯೊಡನೆಯೇ ಬೋಧಿಸುವುದು ಯುಕ್ತ. ಕನ್ನಡದ ಕೃದಂತ, ಅವ್ಯಯ, ವಿಭಕ್ತಿಗಳ ತಿಳಿವಳಿಕೆ ಈ ಬೋಧನೆಗೆ ಅಡ್ಡಿಯಲ್ಲ. ಅದೇ ಅದರ ಮೊದಲ ಮೆಟ್ಟಿಲು.