ಶಾಲೆ ಬಿಟ್ಟ ಮೇಲೆ ಅರಿವು ಕೇಂದ್ರಕ್ಕೆ

ಹಳ್ಳಿಯ ಗ್ರಂಥಾಲಯಕ್ಕೆ ಈಗ ಮೂರು ಪಾಳಿ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಹಿರಿಯರು ಒಂದೇ ಪೇಪರಿನ ಹಾಳೆಗಳನ್ನು ಹಂಚಿಕೊಂಡು ಓದುತ್ತಾರೆ. ಅವರು ಎದ್ದ ಮೇಲೆ ಪಿಡಿಒ, ಪಿಎಸ್‌ಐ, ಎಫ್‌ಡಿಎ ಪರೀಕ್ಷೆ ಕಟ್ಟಿದ ಹುಡುಗ ಹುಡುಗಿಯರು ನೋಟ್ಸ್ ಹಿಡಿದು ಬರುತ್ತಾರೆ. ಟಿ.ವಿ. ಸದ್ದು, ಬಂದುಹೋಗುವ ನೆಂಟರ ನಡುವೆ ಮನೆಯಲ್ಲಿ ಓದು ಸಾಗದವರಿಗೆ ಇಲ್ಲಿನ ಒಂದು ಕುರ್ಚಿಯೇ ದೊಡ್ಡ ಅನುಕೂಲ. ಸಂಜೆ ಶಾಲೆಯ ಬೆಲ್ ಹೊಡೆದರೆ ಬಾಗಿಲಲ್ಲಿ ಪುಟ್ಟ ಚಪ್ಪಲಿಗಳ ರಾಶಿ ಬೀಳುತ್ತದೆ. ಫಲಕದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರ ಎಂಬ ಉದ್ದ ಹೆಸರಿದ್ದರೂ ಈಚೆಗೆ ಎಲ್ಲರ ಬಾಯಲ್ಲಿ ಅದು ‘ಅರಿವು ಕೇಂದ್ರ’.

ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚಿವೆ. ಹತ್ತಾರು ವರ್ಷ ಹಳೆಯವೂ ಅವುಗಳಲ್ಲಿವೆ. ಆದರೆ ಸಂಜೆಯ ಪಾಳಿ ಮಾತ್ರ ಹೊಸದು.

ಕೈ ಬದಲಾದ ಕಥೆ

ಸಾರ್ವಜನಿಕ ಗ್ರಂಥಾಲಯಗಳಿಗೆ ನಮ್ಮಲ್ಲಿ ಕಾನೂನಿನ ಬಲ ಸಿಕ್ಕಿದ್ದು 1965ರ ಕಾಯ್ದೆಯಿಂದ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿಕೊಂಡ ಎಸ್.ಆರ್. ರಂಗನಾಥನ್ ಆಗ ಬೆಂಗಳೂರಿನಲ್ಲೇ ನೆಲೆಸಿದ್ದರು. 1962ರಲ್ಲಿ ಇಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಗೆಂದೇ ಒಂದು ಕೇಂದ್ರ ಕಟ್ಟಿದವರು ಅವರು. 1931ರಲ್ಲಿ ಅವರು ಮಂಡಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಬಳಕೆಯಾಗಬೇಕು ಎನ್ನುತ್ತದೆ. ಹಳ್ಳಿಯ ಗ್ರಂಥಾಲಯಗಳು ಎಡವಿದ್ದು ಈ ಮೊದಲ ಸೂತ್ರದಲ್ಲೇ. ಪುಸ್ತಕ ಬರುತ್ತಿತ್ತು, ಮೊಹರು ಬೀಳುತ್ತಿತ್ತು, ಬೀರುವಿಗೆ ಬೀಗ ಬೀಳುತ್ತಿತ್ತು. ಕಳೆದುಹೋದರೆ ಲೆಕ್ಕ ಕೊಡಬೇಕಾದವರು ಮಕ್ಕಳ ಕೈಗೆ ಪುಸ್ತಕ ಕೊಡಲು ಹಿಂಜರಿದರೆ ಅವರನ್ನು ದೂರುವಂತೆಯೂ ಇರಲಿಲ್ಲ.

2019ರಲ್ಲಿ ಇವು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಕಟ್ಟಡಕ್ಕೆ ಸುಣ್ಣಬಣ್ಣ, ಕಿಟಕಿಗೆ ಗಾಜು, ಶೌಚಾಲಯ, ಕರೆಂಟು, ಇಂಟರ್‌ನೆಟ್‌ ಎಂದು ಕೇಳಲು ದೂರದ ಕಚೇರಿಗೆ ಪತ್ರ ಬರೆಯಬೇಕಿಲ್ಲ. ಪಕ್ಕದ ಪಂಚಾಯಿತಿ ಕಚೇರಿಗೆ ಹೋದರೆ ಸಾಕು. ಮರುವರ್ಷ ಕೊರೊನಾ ಬಂತು, ಶಾಲೆಗಳು ಮುಚ್ಚಿದವು. ಮೊಬೈಲ್ ಇಲ್ಲದ ಮನೆಯ ಮಕ್ಕಳಿಗೆ ಓದಿನ ನಂಟೇ ತಪ್ಪುವ ಹೊತ್ತಿನಲ್ಲಿ, 2020ರ ನವೆಂಬರ್ 14ರ ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಠೇವಣಿ ಬೇಡ ಎಂದದ್ದೇ ತಡ, ಲಕ್ಷಗಟ್ಟಲೆ ಮಕ್ಕಳು ಹೆಸರು ಬರೆಸಿದರು.

ಸಂಜೆಯ ಪಾಳಿ

ಇಲ್ಲಿನ ಚಟುವಟಿಕೆಗಳಲ್ಲಿ ಅತ್ಯಂತ ಸರಳವಾದದ್ದು ಗಟ್ಟಿ ಓದು. ಇದಕ್ಕೆ ಬೇಕಿರುವುದು ಒಂದು ಚಾಪೆ, ಒಂದು ಚಿತ್ರಪುಸ್ತಕ. ಓದುವವರು ಪುಸ್ತಕವನ್ನು ಎದೆಗೆ ಒತ್ತಿ, ಪುಟ ಮಕ್ಕಳ ಕಡೆ ಇರುವಂತೆ ಹಿಡಿಯುತ್ತಾರೆ. ಒಂದು ಸಾಲು ಓದಿ, ಬೆರಳಿಂದ ಚಿತ್ರ ತೋರಿಸಿ, ಪುಟ ತಿರುಗಿಸುವ ಮುನ್ನ ಸುಮ್ಮನಾಗುತ್ತಾರೆ. ‘ಈಗ ಹುಲಿ ಏನು ಮಾಡುತ್ತೆ ಹೇಳಿ?’ ಒಬ್ಬಳು ‘ತಿನ್ನುತ್ತೆ’ ಅಂದರೆ ಇನ್ನೊಬ್ಬ ‘ಇಲ್ಲ ಮೇಡಂ, ಅದಕ್ಕೆ ಹೊಟ್ಟೆನೋವು’ ಅನ್ನುತ್ತಾನೆ. ಇಲ್ಲಿ ತಪ್ಪು ಉತ್ತರ ಎಂಬುದಿಲ್ಲ, ಅಂಕವೂ ಇಲ್ಲ. ತರಗತಿಯಲ್ಲಿ ಬಾಯಿ ಬಿಡದ ಮಗು ಇಲ್ಲಿ ಮಾತಾಡುವುದಕ್ಕೆ ಇದೇ ಕಾರಣ.

ಪುಸ್ತಕ ಮನೆಗೊಯ್ಯುವಾಗ ಎರವಲು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಎಷ್ಟೋ ಮಕ್ಕಳಿಗೆ ಇದೇ ಜೀವನದ ಮೊದಲ ಸಹಿ. ಇನಿಷಿಯಲ್ ಸಮೇತ, ನಾಲಿಗೆ ಕಚ್ಚಿಕೊಂಡು, ಕಾಲಂ ದಾಟಿ ಪಕ್ಕದವರ ಸಾಲಿಗೂ ಹರಿಯುವಂತೆ ಬರೆಯುತ್ತವೆ. ಹಾಗೆ ಹೋದ ಪುಸ್ತಕವನ್ನು ಮನೆಯಲ್ಲಿ ಅಮ್ಮನೂ ತಿರುವಿಹಾಕುತ್ತಾಳೆ, ಓದು ಬಾರದ ಅಜ್ಜಿ ಮೊಮ್ಮಗಳಿಂದ ಓದಿಸಿಕೊಳ್ಳುತ್ತಾಳೆ. ಗ್ರಂಥಾಲಯದ ಮೆಟ್ಟಿಲು ಹತ್ತದ ಹೆಂಗಸರಿಗೆ ಪುಸ್ತಕ ತಲುಪುವ ದಾರಿ ಇದು.

ಇದಲ್ಲದೆ ಚೆಸ್, ಕೇರಂ, ಚಿತ್ರ ಬಿಡಿಸುವುದು, ರಸಪ್ರಶ್ನೆ, ಬೇಸಿಗೆ ಶಿಬಿರಗಳಿವೆ. ಬಹಳ ಕಡೆ ಗೋಡೆಯ ಮೇಲೆ ಸಂವಿಧಾನದ ಪೀಠಿಕೆ ಬರೆಸಿದ್ದಾರೆ. ಮಕ್ಕಳು ಅದನ್ನು ಒಟ್ಟಾಗಿ ಓದುತ್ತಾರೆ. ಕಂಪ್ಯೂಟರ್ ಇದ್ದಲ್ಲಿ ಹುದ್ದೆಯ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿಗೆ ಜನ ಇಲ್ಲಿಗೇ ಬರುತ್ತಾರೆ. ಪುಸ್ತಕ ಸಾಲದ ಕಡೆ ‘ಪುಸ್ತಕ ಜೋಳಿಗೆ’ ಹಿಡಿದು ಮನೆಮನೆಗೆ ಹೋಗಿ ದಾನ ಪಡೆದದ್ದೂ ಉಂಟು. ಪಾಳಿಗೊಂದು ಬಗೆಯ ಜನ ಬಂದರೂ ಕೇರಿ ಯಾವುದು, ಯಾರ ಮಗ ಎಂದು ಕೇಳದೆ ಕೂರಲು ಜಾಗ ಕೊಡುವ ತಾಣ ಹಳ್ಳಿಯಲ್ಲಿ ಎಷ್ಟಿವೆ ಎಂದು ಯೋಚಿಸಿದರೆ ಇದರ ಬೆಲೆ ತಿಳಿಯುತ್ತದೆ.

ಒಬ್ಬರೇ ಎಲ್ಲ

ಇಷ್ಟನ್ನೂ ನಡೆಸುವವರು ಮೇಲ್ವಿಚಾರಕರು. ಬಾಗಿಲು ತೆಗೆದು ಕಸ ಗುಡಿಸುವುದರಿಂದ ಹಿಡಿದು ಪೇಪರ್ ಜೋಡಿಸುವುದು, ಪುಸ್ತಕಕ್ಕೆ ಪರಿಗ್ರಹಣ ಸಂಖ್ಯೆ ಹಾಕುವುದು, ಕಥೆ ಓದುವುದು, ಫೋಟೊ ತೆಗೆದು ವಾಟ್ಸ್‌ಆ್ಯಪ್‌ ಗುಂಪಿಗೆ ವರದಿ ಕಳಿಸುವುದರವರೆಗೆ ಎಲ್ಲವೂ ಅವರದೇ. ಗೌರವಧನಕ್ಕೆ ದುಡಿಯುತ್ತ ಬಂದ ಇವರು ವೇತನಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಮೇಲ್ವಿಚಾರಕರಿಗೆ ಮಕ್ಕಳ ಮೇಲೆ ಪ್ರೀತಿ ಇದ್ದಲ್ಲಿ ಕೇಂದ್ರ ಗಿಜಿಗುಡುತ್ತದೆ. ಅವರು ರಜೆ ಹಾಕಿದರೆ ಆ ದಿನ ಬಾಗಿಲೇ ತೆರೆಯುವುದಿಲ್ಲ. ಒಬ್ಬರ ಹೆಗಲ ಮೇಲೆ ಇಡೀ ಸಂಸ್ಥೆಯನ್ನು ಹೊರಿಸಿರುವುದು ಈ ವ್ಯವಸ್ಥೆಯ ದೊಡ್ಡ ಕೊರತೆ. ಎಲ್ಲ ಕಡೆಯೂ ಒಂದೇ ಸ್ಥಿತಿ ಇಲ್ಲ ಎಂಬುದೂ ನಿಜ. ಸ್ವಂತ ಕಟ್ಟಡ, ತಗ್ಗಿನ ಕಪಾಟು, ಮಕ್ಕಳ ಎತ್ತರದ ಮೇಜು ಒಂದೂರಲ್ಲಿದ್ದರೆ, ಪಕ್ಕದೂರಲ್ಲಿ ಇಕ್ಕಟ್ಟಾದ ಕೋಣೆ ಮತ್ತು ಸಿಲೆಬಸ್ ಬದಲಾದ ಮೇಲೂ ಉಳಿದ ಹಳೆ ಗೈಡುಗಳು.

ಕಂದಾಯದ ರಸೀದಿ ನೋಡಿ

ಮನೆ ಕಂದಾಯ ಕಟ್ಟುವಾಗ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಕಪಾಟಿನಲ್ಲಿರುವ ಪುಸ್ತಕದಲ್ಲಿ ಊರಿನ ಪ್ರತಿ ಮನೆಯ ಪಾಲೂ ಇದೆ ಎಂದಾಯಿತು. ಆದರೂ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪ, ಆಶ್ರಯ ಮನೆಯ ಮಾತು ಮುಗಿಯುವ ಹೊತ್ತಿಗೆ ಗ್ರಂಥಾಲಯದ ಸರದಿ ಬರುವುದೇ ಇಲ್ಲ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳಿಗೂ ಮೈಕ್ ಸಿಗುತ್ತದೆ. ಗ್ರಂಥಾಲಯದ ಬೇಡಿಕೆ ಇಡಲು ಅದೂ ಸರಿಯಾದ ಜಾಗ.

ಹಾಗಾಗಿ ಮುಂದಿನ ಸಲ ಊರಿಗೆ ಹೋದಾಗ ಅರಿವು ಕೇಂದ್ರದ ಒಳಗೆ ಒಮ್ಮೆ ಹೋಗಿಬನ್ನಿ. ಕೊಡುವುದಿದ್ದರೆ ಹಳೆಯ ಗೈಡು ಕೊಡಬೇಡಿ, ಮಕ್ಕಳ ಹೊಸ ಕಥೆಪುಸ್ತಕ ಕೊಡಿ. ಊರಲ್ಲೇ ಇರುವವರು ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳಿದರೆ ಸಾಕು: ಈ ವರ್ಷ ಎಷ್ಟು ಹೊಸ ಪುಸ್ತಕ ತರಿಸಿದಿರಿ? ಶಾಲೆ ಬಿಟ್ಟ ಮೇಲೆ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ? ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.